ಚೀಲ ಯಾರದು, ಬೆನ್ನು ಯಾರದು?

ಹೋದ ವರ್ಷ ಆಗಸ್ಟ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅಮೆರಿಕದಿಂದ ನಮ್ಮಣ್ಣನ ಮಗ ಫೋನು ಮಾಡಿದ. ಬಿಕ್ಕೋಡಿನಲ್ಲಿ ಮಳೆ ಹಿಡಿದು ವಾರವಾಗಿತ್ತು. ಒಣಗದ ಬಟ್ಟೆಗಳನ್ನು ಒಲೆಯ ಹತ್ತಿರ ಹರವುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಂಡು ಫೋನು ಎತ್ತಿಕೊಂಡೆ.

“ಅತ್ತೆ, ಮೂರು ಚೀಲದ ಫೋಟೋ ಕಳಿಸಿದ್ದೀನಿ. ಯಾವುದು ತಗೊಳ್ಳಲಿ ಹೇಳಿ.”

ನೋಡಿದೆ. ಬೆನ್ನಿಗೆ ಹಾಕಿಕೊಳ್ಳುವ ಚೀಲಗಳೇ. ಆದರೆ ಒಂದೊಂದರಲ್ಲೂ ನಮ್ಮ ಶಾಲೆಯ ಐದನೇ ತರಗತಿಯ ಹುಡುಗನನ್ನು ಕೂರಿಸಿ ಬಾಯಿ ಕಟ್ಟಬಹುದು, ಅಷ್ಟು ದೊಡ್ಡವು. ಬೆಲೆ ಕೇಳಿದೆ. ಆ ದುಡ್ಡಿಗೆ ನಮ್ಮಲ್ಲಿ ಒಂದು ಕರೆಯುವ ಹಸು ಬರುತ್ತದೆ.

“ಯಾತಕ್ಕೋ ಮಗ ಇಷ್ಟು ದೊಡ್ಡದು?”

“ಶಿಕಾರಿಗೆ ಅತ್ತೆ! ಅಕ್ಟೋಬರ್‌ನಲ್ಲಿ ಆಫೀಸಿನ ಇಬ್ಬರು ಸ್ನೇಹಿತರ ಜೊತೆ ಐದು ದಿನ ಬೆಟ್ಟದಲ್ಲೇ ಇರ್ತೀವಿ. ಎಲ್ಕ್ ಅಂತ, ನಮ್ಮ ಕಡವೆ ಥರದ್ದು. ಇಲ್ಲಿ ಪರವಾನಗಿ ಕೊಡ್ತಾರೆ, ಎಲ್ಲ ಆಗಿದೆ.” ಆಮೇಲೆ ನಗುತ್ತ ಹೇಳಿದ: “ತಾತ ದೊಡ್ಡ ಶಿಕಾರಿ ಅಲ್ವಾ? ನಮ್ಮ ರಕ್ತದಲ್ಲೇ ಇದೆ. ತಾತ ಎಂಥ ಚೀಲ ಒಯ್ತಿದ್ರು ಅತ್ತೆ?”

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅವನ ತಾತ, ಅಂದರೆ ನಮ್ಮಪ್ಪ, ಶಿಕಾರಿಗೆ ಚೀಲ ಒಯ್ಯುತ್ತಿದ್ದರು, ನಿಜ. ಚೀಲವನ್ನು ಮಾತ್ರ ಒಯ್ಯುತ್ತಿದ್ದರು. ಕೋವಿ ಬೇರೆಯವರದು.

ಈ ತಪ್ಪು ತಿಳಿವಳಿಕೆ ಹುಡುಗನದಲ್ಲ. ಹಾಸನದಲ್ಲಿರುವ ನಮ್ಮಣ್ಣನ ಮನೆಯ ನಡುಮನೆಯಲ್ಲಿ ಅಪ್ಪನ ಒಂದು ಫೋಟೋ ಇದೆ. ಸತ್ತ ಹಂದಿಯೊಂದರ ಪಕ್ಕದಲ್ಲಿ ಅಪ್ಪ ನಿಂತಿದ್ದಾರೆ. ಅವರ ಮಗ್ಗುಲಲ್ಲಿ ಒಂದು ಕೋವಿ ಕಾಣುತ್ತದೆ. ಬಂದವರೆಲ್ಲ “ಓಹೋ, ನಿಮ್ಮ ತಂದೆಯವರು ಶಿಕಾರಿಯೋ!” ಎನ್ನುತ್ತಾರೆ. ಅಣ್ಣ ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ. ಈ ಫೋಟೋದ ಮೂಲ ಅಮ್ಮನ ಟ್ರಂಕಿನಲ್ಲಿತ್ತು. ಅದರಲ್ಲಿ ಆರು ಜನ ಸಾಹುಕಾರರು ಸಾಲಾಗಿ ಕೂತಿದ್ದಾರೆ. ಕೊನೆಯವರ ಕೈಯಲ್ಲಿ ಆ ಕೋವಿ ಇದೆ. ಅವರ ಹಿಂದೆ, ಅಂಚಿನಲ್ಲಿ, ಬೆನ್ನ ಮೇಲೆ ತಲೆಗಿಂತ ಎತ್ತರದ ಗೋಣಿಚೀಲ ಹೊತ್ತು ಅಪ್ಪ ನಿಂತಿದ್ದಾರೆ. ಅಣ್ಣ ಅದನ್ನು ದೊಡ್ಡದು ಮಾಡಿಸುವಾಗ ಅಪ್ಪ, ಹಂದಿ, ಅರ್ಧ ಕೋವಿ ಇಷ್ಟನ್ನು ಉಳಿಸಿಕೊಂಡು ಉಳಿದದ್ದನ್ನು ಕತ್ತರಿಸಿಬಿಟ್ಟರು. ಸಾಹುಕಾರರ ಜೊತೆ ಚೀಲವೂ ಹೋಯಿತು.

ಈ ಪ್ರಬಂಧ ಆ ಕತ್ತರಿಸಿದ ಚೀಲದ ಪರವಾಗಿ ನಾನು ಮಾಡುತ್ತಿರುವ ತಕರಾರು.

ಅಪ್ಪ ಕಾಫಿ ತೋಟವೊಂದರಲ್ಲಿ ಆಳಾಗಿದ್ದವರು. ನಾನು ಹುಟ್ಟುವುದಕ್ಕೆ ಮುಂಚಿನ ಮಾತು. ಕಾಫಿ ಕುಯ್ಲು ಮುಗಿದ ಮೇಲೆ ಸಾಹುಕಾರರು ನಾಲ್ಕು ನಾಲ್ಕು ದಿನ ಘಟ್ಟದ ಅಂಚಿನ ಕಾಡಿಗೆ ಶಿಕಾರಿ ಹೊರಡುತ್ತಿದ್ದರಂತೆ. ಅವರು ಆರು ಜನವಾದರೆ ಆಳುಗಳು ಹನ್ನೆರಡು. ಕೆಲವರು ಹಳು ನುಗ್ಗಿ ಪ್ರಾಣಿ ಎಬ್ಬಿಸುವವರು, ಉಳಿದವರು ಹೊರುವವರು. ಅಕ್ಕಿ, ತೆಂಗಿನಕಾಯಿ, ಅರೆದ ಖಾರ, ಪಾತ್ರೆ, ಕಂಬಳಿ, ಸೀಮೆಎಣ್ಣೆ, ತೋಟಾಗಳ ತಗಡಿನ ಡಬ್ಬಿ, ಸಾಹುಕಾರರ ಬಾಟಲಿ, ಎಲ್ಲವೂ ಆಳುಗಳ ಬೆನ್ನ ಮೇಲೆ. ಹತ್ತುವಾಗ ಇಷ್ಟು. ಇಳಿಯುವಾಗ ಇದರ ಜೊತೆಗೆ ಹೊಡೆದ ಪ್ರಾಣಿ. ಬೇಟೆಯ ಚೀಲಕ್ಕೂ ಯಾತ್ರೆಯ ಚೀಲಕ್ಕೂ ಇರುವ ವ್ಯತ್ಯಾಸವೇ ಇದು: ಯಾತ್ರೆಗೆ ಹೋದವರ ಚೀಲ ಬರುವಾಗ ಹಗುರಾಗುತ್ತದೆ, ಬೇಟೆಗೆ ಹೋದವರದು ಭಾರವಾಗುತ್ತದೆ.

ಚೀಲವೆಂದರೆ ಏನು? ಕಾಫಿ ತುಂಬಿ ಹಳೆಯದಾದ ಗೋಣಿ, ಅದಕ್ಕೆ ತೆಂಗಿನ ನಾರಿನ ಎರಡು ಹಗ್ಗ. ಆ ಹಗ್ಗ ಹೆಗಲ ಚರ್ಮ ಸುಲಿಯುತ್ತಿತ್ತು. ಅಮ್ಮ ತನ್ನ ಹಳೇ ಸೀರೆ ಹರಿದು, ಮಡಿಸಿ, ಹಗ್ಗಕ್ಕೆ ಸುತ್ತಿ ಹೊಲಿದು ಕೊಟ್ಟಳಂತೆ. ಚೀಲ ಅತ್ತಿತ್ತ ಓಲಾಡಿ ಎಳೆಯುತ್ತದೆಂದು ಅಪ್ಪ ಹೇಳಿದಾಗ ಅದೇ ಸೀರೆಯ ಇನ್ನೊಂದು ಪಟ್ಟಿಯನ್ನು ಚೀಲದ ಬುಡಕ್ಕೆ ಹೊಲಿದು, “ಇದನ್ನ ಸೊಂಟಕ್ಕೆ ಬಿಗಿಯಾಗಿ ಕಟ್ಕಳಿ, ಭಾರ ಸೊಂಟದ ಮೇಲೆ ಕೂರಲಿ” ಎಂದಳಂತೆ. ಅಮ್ಮ ದಿನಕ್ಕೆ ನಾಲ್ಕು ಸಲ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ದಿಬ್ಬ ಹತ್ತುತ್ತಿದ್ದವಳು. ಭಾರ ಎಲ್ಲಿ ಕೂರಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಾಂಸ ಪಾಲು ಮಾಡುವಾಗ ಕೋವಿಗೊಂದು ಪಾಲು, ನಾಯಿಗೊಂದು ಪಾಲು. ಚೀಲಕ್ಕೆ ಪಾಲಿಲ್ಲ. “ನಿಮ್ಮಪ್ಪ ನಾಯಿಗಿಂತ ಕಡಿಮೆ ತಂದೋರು” ಎಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದಳು. ನಾನು ಕಂಡ ಅಪ್ಪನಿಗೆ ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಎರಡೂ ಹೆಗಲ ಮೇಲೆ ಕಾಯಿ ಕಟ್ಟಿದ ಗೆರೆ. ಹಬ್ಬಕ್ಕೆ ಹೊಸ ಅಂಗಿ ತಂದರೆ ಅಮ್ಮನೇ ತೊಡಿಸಬೇಕಾಗಿತ್ತು. ಚಿಕ್ಕವಳಾಗಿದ್ದಾಗ ನಾನು ಅದನ್ನು ಪ್ರೀತಿಯೆಂದು ತಿಳಿದಿದ್ದೆ. ಪ್ರೀತಿಯೂ ಇತ್ತು, ಸುಳ್ಳಲ್ಲ. ಆದರೆ ಕಾರಣ ಆ ಚೀಲ.

ಈಗ ಹೇಳಿ, ಗೆಳತಿಯರೇ. “ಶಿಕಾರಿಗೆ ಎಂಥ ಚೀಲ ಆರಿಸಬೇಕು?” ಎಂಬ ಪ್ರಶ್ನೆಗೆ ನಮ್ಮ ಮಲೆನಾಡಿನ ಹಳೆಯ ಉತ್ತರವೇನು? ನಮ್ಮಲ್ಲಿ ಶಿಕಾರಿಗೆ ಹೋದ ದೊಡ್ಡವರು ಚೀಲವನ್ನು ಆರಿಸಲೇ ಇಲ್ಲ. ಅವರು ಬೆನ್ನನ್ನು ಆರಿಸಿದರು. ಯಾವ ಆಳಿನ ಬೆನ್ನು ಗಟ್ಟಿ, ಯಾವನು ಎದುರು ಮಾತಾಡದೆ ಹೊರುತ್ತಾನೆ, ಅಷ್ಟು ನೋಡಿದರೆ ಸಾಕಾಗಿತ್ತು. ಇನ್ನೊಬ್ಬರ ಹೆಗಲ ಮೇಲೆ ಕೋವಿ ಇಟ್ಟು ಗುಂಡು ಹೊಡೆಯುವುದು ಎಂಬ ಮಾತನ್ನು ನಾವು ಗಾದೆಯ ಹಾಗೆ ಬಳಸುತ್ತೇವೆ. ನಮ್ಮ ಮನೆಗೆ ಅದು ಗಾದೆಯಲ್ಲ, ಅಪ್ಪನ ಎಕ್ಸ್‌ರೇ.

ಶಿಕಾರಿ ಕಥೆಗಳನ್ನು ಮೆಚ್ಚಿ ಓದಿದವರಲ್ಲಿ ನಾನೂ ಒಬ್ಬಳು. ಕೆನೆತ್ ಆಂಡರ್ಸನ್ ಕಥೆಗಳನ್ನು ತೇಜಸ್ವಿಯವರು ಕನ್ನಡಕ್ಕೆ ತಂದಾಗ ಊಟ ಬಿಟ್ಟು ಓದಿದ್ದೇನೆ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳೋಣ. ನಾವು ಓದಿದ, ಕೇಳಿದ ಶಿಕಾರಿ ಕಥೆಗಳಲ್ಲಿ ಕೋವಿಯ ಹೆಸರು ಎಷ್ಟು ಸಲ ಬಂದಿದೆ? ನಾಯಿಯ ಹೆಸರು ಎಷ್ಟು ಸಲ? ಹೊರೆ ಹೊತ್ತವನ ಹೆಸರು ಎಷ್ಟು ಸಲ?

ಈ ವಿಷಯದಲ್ಲಿ ನಮಗಿಂತ ನಮ್ಮ ಹಳೆಯ ಶಿಲ್ಪಿಗಳು ವಾಸಿ. ನೀವು ಬೇಲೂರಿಗೆ ಬಂದಿದ್ದೀರಿ, ಬಂದೇ ಬಂದಿರುತ್ತೀರಿ. ದರ್ಪಣ ಸುಂದರಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡಿರುತ್ತೀರಿ. ಮುಂದಿನ ಸಲ ಬಂದಾಗ ಬೇಟೆಗಾರ್ತಿಯ ಮದನಿಕೆಯನ್ನು ಹುಡುಕಿ ನೋಡಿ. ನಾನು ಪ್ರತಿ ವರ್ಷ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಅವಳ ಕೆಳಗೆ ನಿಲ್ಲಿಸುತ್ತೇನೆ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಗುಡಿ ಅದು. ಬೇಟೆಗಾರ್ತಿಯ ಇಕ್ಕೆಲದಲ್ಲಿ ಸಣ್ಣ ಆಕೃತಿಗಳಿವೆ. ಒಂದು ಹೆಗಲ ಮೇಲೆ ಅಡ್ಡೆ ಹೊತ್ತಿದೆ, ಅದರ ತುದಿಗಳಿಗೆ ಹೊಡೆದ ಜಿಂಕೆ ಮತ್ತು ಕೊಕ್ಕರೆಯನ್ನು ಕಟ್ಟಿದೆ. ಇನ್ನೊಂದರ ಕಾಲಿಗೆ ಮುಳ್ಳು ಚುಚ್ಚಿದೆ, ಕೂತವರೊಬ್ಬರು ಅದನ್ನು ತೆಗೆಯುತ್ತಿದ್ದಾರೆ. ಒಂಬೈನೂರು ವರ್ಷದ ಹಿಂದೆ ಶಿಲ್ಪಿಗೆ ಗೊತ್ತಿತ್ತು, ಬೇಟೆಯೆಂದರೆ ಬಿಲ್ಲು ಹಿಡಿದವರಷ್ಟೇ ಅಲ್ಲ, ಹೊತ್ತವರೂ ಮುಳ್ಳು ತುಳಿದವರೂ ಸೇರಿ ಎಂದು. ಅವನು ಯಾರನ್ನೂ ಅಂಚಿನಲ್ಲಿ ಕತ್ತರಿಸಲಿಲ್ಲ.

“ಟೀಚರ್, ಶಿಕಾರಿ ನಮ್ಮ ಮಲೆನಾಡಿನ ಪರಂಪರೆ” ಎಂದು ಹೇಳುವವರು ನಮ್ಮ ಊರಿನಲ್ಲಿ ಈಗಲೂ ಇದ್ದಾರೆ. ಅವರಿಗೆ ಮೊದಲು ಕಾನೂನು ಹೇಳುತ್ತೇನೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಆಗ ನನಗೆ ಮೂರು ವರ್ಷ. 1991ರ ತಿದ್ದುಪಡಿ ಪರವಾನಗಿ ಪಡೆದು ಬೇಟೆಯಾಡುವ ಬಾಗಿಲನ್ನೂ ಮುಚ್ಚಿತು. ನಮ್ಮಲ್ಲಿ ಮೋಜಿನ ಶಿಕಾರಿ ಎಂಬುದು ಇವತ್ತು ಅಪರಾಧ, ಅಷ್ಟೇ. ನಮ್ಮ ಹೋಬಳಿಯಲ್ಲಿ ಕಾಡಾನೆ ತೋಟಕ್ಕೆ ನುಗ್ಗುತ್ತದೆ, ಹಂದಿ ಗದ್ದೆ ಉಳುತ್ತದೆ, ಮಕ್ಕಳನ್ನು ಶಾಲೆಗೆ ಕಳಿಸಿ ತಾಯಂದಿರು ಜೀವ ಕೈಯಲ್ಲಿ ಹಿಡಿದು ಕೂರುತ್ತಾರೆ, ಎಲ್ಲ ನಿಜ. ಆ ಸಂಕಟಕ್ಕೆ ಪರಿಹಾರ ಬೇರೆ, ಆ ಹೋರಾಟ ಬೇರೆ. ಅದನ್ನು ತಂದು ಶಿಕಾರಿಯ ಮೋಜಿಗೆ ಹೊದಿಕೆ ಮಾಡಬೇಡಿ.

ನಾನು ಕೋಳಿ ಸಾರು ಉಣ್ಣುವವಳೇ. ಮಾಂಸದ ಮೇಲೆ ನನಗೆ ಸಿಟ್ಟಿಲ್ಲ. ಪರಂಪರೆ ಎನ್ನುವವರನ್ನು ನಾನು ಕೇಳುವುದು ಇಷ್ಟೇ: ಆ ಪರಂಪರೆಯಲ್ಲಿ ನಿಮ್ಮ ತಾತ ಕೋವಿಯ ಕಡೆ ಇದ್ದರೋ, ಚೀಲದ ಕಡೆ ಇದ್ದರೋ? ಚೀಲದ ಕಡೆ ಇದ್ದವರ ಮೊಮ್ಮಕ್ಕಳಿಗೂ ಅದು ಪರಂಪರೆಯೇ. ಆದರೆ ಅವರು ಅದನ್ನು ನೆನೆಯುವ ರೀತಿ ಬೇರೆ ಇರುತ್ತದೆ.

ನಮ್ಮ ಹುಡುಗ ಇರುವುದು ಬೇರೆ ದೇಶದಲ್ಲಿ. ಅಲ್ಲಿ ಬೇಟೆಗೆ ಕಾಲ ಉಂಟು, ಲೆಕ್ಕ ಉಂಟು. ಕೊಲೊರಾಡೊದಲ್ಲಿ 1949ರ ಜನವರಿ 1ರಿಂದೀಚೆಗೆ ಹುಟ್ಟಿದ ಯಾರಿಗೇ ಆಗಲಿ, ಬೇಟೆಯ ಪಾಠ ಓದಿ ಪಾಸಾಗದೆ ಪರವಾನಗಿ ಇಲ್ಲವಂತೆ. ಹೊಡೆದ ಮೇಲೆ ತಿನ್ನುವಂಥ ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಟ್ಟು ಬರುವುದು ಅಲ್ಲಿ ಅಪರಾಧ. ಈ ಎರಡನೆಯ ನಿಯಮ ಕೇಳಿ ನನಗೆ ಸಮಾಧಾನವಾಯಿತು. ಅಲ್ಲಿ ಹನ್ನೆರಡು ಆಳುಗಳಿಲ್ಲ. ಹೊಡೆದವನೇ ಹೊರಬೇಕು.

“ಸರಿ, ಹಾಗಾದ್ರೆ ಚೀಲದ ಮಾತು ಆಡೋಣ. ಮೊದಲು ಒಂದು ಲೆಕ್ಕ ಮಾಡು” ಎಂದೆ. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ!

ಗಂಡು ಎಲ್ಕ್ ಮುನ್ನೂರು ಕಿಲೋ ದಾಟುವುದುಂಟು. ಮೂಳೆ ಬಿಡಿಸಿದ ಮಾಂಸವೇ ತೊಂಬತ್ತು ಕಿಲೋ ಎಂದಿಟ್ಟುಕೊಳ್ಳಿ. ಒಬ್ಬ ಒಂದು ಸಲಕ್ಕೆ ಮೂವತ್ತು ಕಿಲೋ ಹೊತ್ತರೆ ಮೂರು ಸಲ ಹೊರಬೇಕು. ಜೀಪು ನಿಲ್ಲಿಸಿದ ಜಾಗ ಐದು ಕಿಲೋಮೀಟರ್ ದೂರ. ಹೊತ್ತು ನಡೆಯುವುದು ಹದಿನೈದು, ಬರಿಗೈಲಿ ವಾಪಸು ಹೋಗುವುದು ಹತ್ತು. ಒಟ್ಟು ಇಪ್ಪತ್ತೈದು ಕಿಲೋಮೀಟರ್. ಅದೂ ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರದ ಬೆಟ್ಟದಲ್ಲಿ. ಕರ್ನಾಟಕದ ಅತಿ ಎತ್ತರದ ನೆತ್ತಿಯೇ 1,930 ಮೀಟರ್. ಅವನು ಹೋಗುವ ಕಡೆ ಡೇರೆ ಹಾಕುವ ಜಾಗವೇ ಅದನ್ನು ಮೀರಿಸುತ್ತದೆ.

ಅತ್ತ ಕಡೆಯಿಂದ ಸದ್ದಿಲ್ಲ.

“ಈಗ ಹೇಳು, ನಿನಗೆ ದೊಡ್ಡ ಚೀಲ ಬೇಕಾ, ಒಳ್ಳೇ ಚೀಲ ಬೇಕಾ?”

ಚೀಲ ಮಾರುವವರ, ಕೊಳ್ಳುವ ಗಂಡಸರ ಒಂದು ಭ್ರಮೆಯ ಬಗ್ಗೆ ಇಲ್ಲಿ ಹೇಳಬೇಕು. ಚೀಲ ದೊಡ್ಡದಾದಷ್ಟೂ ಗಂಡಸು ದೊಡ್ಡವನು ಎಂದು ಅವರ ಎಣಿಕೆ. ನಮಗೆ ಅಡುಗೆಮನೆಯಿಂದಲೇ ಗೊತ್ತು, ದೊಡ್ಡ ಡಬ್ಬ ಖಾಲಿ ಇರುವುದನ್ನು ಸಹಿಸುವುದಿಲ್ಲ. ದೊಡ್ಡದು ತಂದರೆ ತುಂಬುವವರೆಗೂ ಕೈ ಸುಮ್ಮನಿರುವುದಿಲ್ಲ. ಆದ್ದರಿಂದ ಚೀಲವನ್ನು ಮೊದಲು ಕೊಳ್ಳಬಾರದು, ಕೊನೆಗೆ ಕೊಳ್ಳಬೇಕು. ಒಯ್ಯುವ ಸಾಮಾನನ್ನೆಲ್ಲ ನೆಲದ ಮೇಲೆ ರಾಶಿ ಹಾಕಿ, ತೂಗಿ, ಬೇಡದ್ದನ್ನು ತೆಗೆದು, ಉಳಿದದ್ದಕ್ಕೆ ಚೀಲ ಹುಡುಕಬೇಕು. ಹಲವು ದಿನದ ನಡಿಗೆಗೆ ಹೊರೆ ನಮ್ಮ ಮೈತೂಕದ ಐದನೇ ಒಂದು ಪಾಲು ಮೀರಬಾರದೆಂದು ಬಲ್ಲವರ ವಾಡಿಕೆ. ಬೇಟೆಯಲ್ಲಿ ಇಳಿಯುವಾಗ ಅದು ಮೀರುತ್ತದೆ. ಅದಕ್ಕೇ ಹತ್ತುವಾಗ ಇನ್ನೂ ಕಡಿಮೆ ಇರಲಿ.

ಎರಡನೆಯದು, ಅಳತೆ. ಅಂಗಡಿಯವರು ಎತ್ತರ ಕೇಳುತ್ತಾರೆ. ಎತ್ತರದಿಂದ ಏನೂ ತಿಳಿಯುವುದಿಲ್ಲ, ಬೆನ್ನಿನ ಉದ್ದ ಬೇಕು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ನಿಲ್ಲುತ್ತದೆ. ಅಲ್ಲಿಂದ, ಸೊಂಟದ ಮೂಳೆಗಳ ಮೇಲಿನ ಅಂಚಿನ ಮಟ್ಟದವರೆಗೆ, ಬೆನ್ನ ನಡುವೆ ದರ್ಜಿಯ ಟೇಪು ಇಳಿಬಿಡಿ. ಅದು ನಿಮ್ಮ ಚೀಲದ ಅಳತೆ. ಹುಡುಗ ಅಳೆಸಿಕೊಂಡು ನಲವತ್ತಾರು ಸೆಂಟಿಮೀಟರ್ ಎಂದ.

ಮೂರನೆಯದು, ಸೊಂಟದ ಪಟ್ಟಿ. ಅದು ಹೊಟ್ಟೆಯ ಮೇಲೆ ಕೂರಬಾರದು, ಸೊಂಟದ ಮೂಳೆಯ ಮೇಲೆ ಕೂರಬೇಕು. ಭಾರದ ಬಹುಪಾಲನ್ನು ಅದೇ ಹೊರಬೇಕು. ಹೆಗಲ ಪಟ್ಟಿ ಚೀಲ ಹಿಂದಕ್ಕೆ ವಾಲದಂತೆ ಹಿಡಿದರೆ ಸಾಕು. ಅಂಗಡಿಯಲ್ಲಿ ಖಾಲಿ ಚೀಲ ಹಾಕಿಕೊಂಡು ಕನ್ನಡಿ ನೋಡುವುದಲ್ಲ, ಹದಿನೈದು ಕಿಲೋ ತುಂಬಿಸಿಕೊಂಡು ಅರ್ಧ ಗಂಟೆ ನಡೆಯಬೇಕು, ಮೆಟ್ಟಿಲು ಹತ್ತಿ ಇಳಿಯಬೇಕು. ಸೀರೆ ಕೊಳ್ಳುವಾಗ ನಾವು ಬಾಗಿಲಿನ ಬೆಳಕಿಗೆ ತಂದು ನೋಡುವುದಿಲ್ಲವೇ, ಹಾಗೆ.

ನಾಲ್ಕನೆಯದು, ಮಾಂಸದ ಜಾಗ. ಬೇಟೆಗೆಂದೇ ಮಾಡಿದ ಚೀಲಗಳಲ್ಲಿ ಗಟ್ಟಿ ಚೌಕಟ್ಟಿಗೂ ಚೀಲಕ್ಕೂ ನಡುವೆ ಒಂದು ಹಲಗೆಯಂಥ ಜಾಗ ಬಿಡಿಸಬಹುದು. ಮಾಂಸ ಅಲ್ಲಿ, ಬೆನ್ನಿಗೆ ಹತ್ತಿರ ಕೂರಬೇಕು. ಭಾರ ಬೆನ್ನಿನಿಂದ ದೂರ ಸರಿದಷ್ಟೂ ಹಿಂದಕ್ಕೆ ಜಗ್ಗುತ್ತದೆ. ಮಾಂಸವನ್ನು ಗಾಳಿಯಾಡುವ ಬಟ್ಟೆಯಲ್ಲಿ ಕಟ್ಟಬೇಕು. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬಿಸಿ ಆರದೆ ಹಳಸುತ್ತದೆ. ಕೊಂಬು ಕಟ್ಟಿಕೊಂಡು ಬರುವವರು ಅದಕ್ಕೆ ಕಣ್ಣಿಗೆ ಹೊಡೆಯುವ ಕಿತ್ತಳೆ ಬಟ್ಟೆ ಸುತ್ತಬೇಕು, ಇಲ್ಲವಾದರೆ ಪೊದೆಯ ಆಚೆ ಇರುವ ಇನ್ನೊಬ್ಬ ಬೇಟೆಗಾರನಿಗೆ ಅದು ನಡೆದು ಬರುವ ಎಲ್ಕ್. ಕೊಲೊರಾಡೊದಲ್ಲಿ ಕೋವಿ ಬೇಟೆಗೆ ಹೊಳೆಯುವ ಕಿತ್ತಳೆ ಬಣ್ಣ ಕಡ್ಡಾಯ, 2016ರಿಂದ ಗುಲಾಬಿಯೂ ಆಗಬಹುದು.

ಇಷ್ಟು ಹೇಳಿದ ಮೇಲೆ ನೀವು ಕೇಳಬಹುದು, ಬಿಕ್ಕೋಡಿನ ಟೀಚರಮ್ಮನಿಗೆ ಇದೆಲ್ಲ ಹೇಗೆ ಗೊತ್ತು ಎಂದು. ಓದಿಕೊಂಡೆ. ಓದುವಾಗ ಒಂದು ಕಥೆ ಸಿಕ್ಕಿತು. 1952ರಲ್ಲಿ ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ ಎಂಬಾತ ಅಲ್ಯೂಮಿನಿಯಂ ಚೌಕಟ್ಟಿನ ಬೆನ್ನು ಚೀಲ ಮಾಡಿ ಮಾರತೊಡಗಿದ. ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸಿದ್ದೇ ಆ ಚೀಲದ ಹೆಚ್ಚುಗಾರಿಕೆ. ಬೆಟ್ಟ ಹತ್ತುವವರ ಪುಸ್ತಕಗಳಲ್ಲಿ ಅವನ ಹೆಸರು ದೊಡ್ಡದು. ಆ ಚೀಲಗಳನ್ನು ಮನೆಯಲ್ಲಿ ಕೂತು ಹೊಲಿದವಳು ಅವನ ಹೆಂಡತಿ ನೀನಾ. ಓದಿ ನಾನು ಪುಸ್ತಕ ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮಮ್ಮನ ಹಳೇ ಸೀರೆಯ ಪಟ್ಟಿ ನೆನಪಾಯಿತು. ಅದಕ್ಕೆ ಯಾರ ಹೆಸರೂ ಇಲ್ಲ.

ಹೊರೆಯ ವಿಷಯದಲ್ಲಿ ಹೆಂಗಸರಿಗೆ ಇರುವ ತಿಳಿವಳಿಕೆ ಸಣ್ಣದಲ್ಲ. 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಪೂರ್ವ ಆಫ್ರಿಕಾದ ಕಿಕುಯು ಮತ್ತು ಲುವೋ ಹೆಂಗಸರು ತಮ್ಮ ಮೈತೂಕದ ಐದನೇ ಒಂದು ಪಾಲಿನವರೆಗೆ ಹೊತ್ತು ನಡೆದರೂ ಅವರಿಗೆ ಹೆಚ್ಚಿನ ಶಕ್ತಿ ವ್ಯಯವಾಗುವುದಿಲ್ಲ ಎಂದು ಅದರಲ್ಲಿ ಕಂಡುಬಂತು. 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ನೇಪಾಳದ ಹೊರೆಯಾಳುಗಳ ಅಧ್ಯಯನ ಬಂತು. ಅಲ್ಲಿನ ಹೆಂಗಸರು ಸರಾಸರಿ ತಮ್ಮ ಮೈತೂಕದ ಮೂರನೇ ಎರಡು ಪಾಲು, ಗಂಡಸರು ಹೆಚ್ಚುಕಡಿಮೆ ತಮ್ಮ ತೂಕದಷ್ಟೇ ಹೊರುತ್ತಿದ್ದರು. ತಲೆಯ ಮೇಲೆ ಸಿಂಬೆ ಇಟ್ಟು ಸೌದೆ ಹೊತ್ತ ನಮ್ಮೂರಿನ ಹೆಂಗಸರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಆದರೆ ಇಲ್ಲೊಂದು ಅಪಾಯವಿದೆ. “ಅವರಿಗೆ ಅಭ್ಯಾಸ ಇದೆ, ಹೊರ್ತಾರೆ ಬಿಡಿ” ಎಂಬ ಮಾತು ಇಂಥ ಹೊಗಳಿಕೆಯ ಬೆನ್ನ ಹಿಂದೆಯೇ ಬರುತ್ತದೆ. ಅಪ್ಪನಿಗೂ ಸಾಹುಕಾರರು ಅದನ್ನೇ ಹೇಳಿದ್ದರಂತೆ. ಹೊರಬಲ್ಲರು ಎಂಬುದು ಹೊರಿಸುವುದಕ್ಕೆ ಪರವಾನಗಿಯಲ್ಲ. ಶಾಲೆಯ ಮಕ್ಕಳ ಚೀಲಕ್ಕೆ ನಮ್ಮ ಸರ್ಕಾರ 2019ರಲ್ಲಿ ತೂಕ ಗೊತ್ತುಮಾಡಿತು: ಒಂದು, ಎರಡನೇ ತರಗತಿಗೆ ಎರಡು ಕಿಲೋ ಒಳಗೆ, ಹತ್ತನೇ ತರಗತಿಗೆ ಐದು ಕಿಲೋ ಒಳಗೆ. ಬಹಳ ಒಳ್ಳೆಯದು. ಅಪ್ಪನ ಚೀಲಕ್ಕೆ ತೂಕ ಗೊತ್ತುಮಾಡುವವರು ಯಾರೂ ಇರಲಿಲ್ಲ.

ಹುಡುಗನ ಜೊತೆ ಮಾತು ಮುಗಿಯುವ ಹೊತ್ತಿಗೆ ಇನ್ನೊಂದು ಸಂಗತಿ ಹೊರಬಿತ್ತು. ಅವನ ಹೆಂಡತಿಗೂ ಬೆಟ್ಟ ಹತ್ತುವ ಆಸೆ. ಬೇಟೆಗಲ್ಲ, ಸುಮ್ಮನೆ ಮೂರು ದಿನ ನಡೆದು ಬರುವುದಕ್ಕೆ. “ಅವಳಿಗೆ ನನ್ನ ಹಳೇ ಚೀಲ ಇದೆ ಅತ್ತೆ, ಸಾಕು” ಎಂದ.

“ಅವಳ ಬೆನ್ನು ಅಳೆದಿದ್ದೀಯಾ?”

ಅಳೆದರೆ ನಲವತ್ತೊಂದು ಸೆಂಟಿಮೀಟರ್. ಅವನ ಚೀಲ ಅವಳಿಗೆ ಹಾಕಿದರೆ ಸೊಂಟದ ಪಟ್ಟಿ ಮೂಳೆ ಬಿಟ್ಟು ಕೆಳಗೆ ಜಾರಿ, ಭಾರವೆಲ್ಲ ಹೆಗಲಿಗೆ ಬರುತ್ತದೆ. ಹೆಂಗಸರಿಗೆಂದು ಮಾಡಿದ ಚೀಲಗಳು ಬರೀ ಬಣ್ಣದಲ್ಲಿ ಬೇರೆಯಲ್ಲ. ಬೆನ್ನಿನ ಉದ್ದ ಕಡಿಮೆ, ಹೆಗಲ ಪಟ್ಟಿಗಳು ಹತ್ತಿರ ಮತ್ತು ಬಾಗಿದವು, ಸೊಂಟದ ಪಟ್ಟಿಯ ಓರೆಯೇ ಬೇರೆ. ಅಜ್ಜನ ಅಂಗಿ ಹುಡುಗನಿಗೆ, ಗಂಡನ ಚೀಲ ಹೆಂಡತಿಗೆ ಎನ್ನುವುದು ಉಳಿತಾಯದ ಹಾಗೆ ಕಾಣುತ್ತದೆ. ಬೆನ್ನು ನೋವು ಬಂದಾಗ ಮಾತ್ರ “ನಿನಗೆ ಆಗಲ್ಲ ಅಂತ ನಾನು ಹೇಳಿರಲಿಲ್ವಾ?” ಎನ್ನುತ್ತಾರೆ. ಚೀಲ ಸರಿಯಿಲ್ಲವೆಂದು ಯಾರೂ ಹೇಳುವುದಿಲ್ಲ, ಬೆನ್ನು ಸರಿಯಿಲ್ಲವೆನ್ನುತ್ತಾರೆ.

ಪೇಟೆಯಲ್ಲಿರುವ ನನ್ನ ಓದುಗ ಗೆಳತಿಯರೇ, ನಾವು ಯಾವ ಶಿಕಾರಿಗೂ ಹೋಗುವವರಲ್ಲ. ಆದರೆ ಚೀಲ ನಮ್ಮ ಜನ್ಮಕ್ಕೆ ಅಂಟಿದ್ದು. ಗಂಡ ಶಬರಿಮಲೆಗೆ ಹೊರಟರೂ ಮಗ ಕುಮಾರ ಪರ್ವತಕ್ಕೆ ಹೊರಟರೂ ಚೀಲ ತುಂಬುವವರು ನಾವು. ಮದುವೆಮನೆಗೆ ಹೊರಟರೆ ಮೂರು ಚೀಲ, ಒಂದು ಮಗು, ನೀರಿನ ಬಾಟಲಿ ಎಲ್ಲ ನಮ್ಮ ತೋಳಿಗೆ. ತುಂಬುವಾಗ ನಾವು, ಹೊರುವಾಗಲೂ ಬಹಳ ಸಲ ನಾವೇ. ಅಂಗಡಿಯಲ್ಲಿ ಆರಿಸುವಾಗ ಮಾತ್ರ “ನಿನಗೆ ಗೊತ್ತಾಗಲ್ಲ, ಸುಮ್ನಿರು.” ಇದನ್ನು ಇನ್ನು ಒಪ್ಪಬೇಡಿ. ನಿಮ್ಮ ಚೀಲ ನೀವು ಆರಿಸಿ. ಟೇಪು ಒಯ್ಯಿರಿ. ಅಂಗಡಿಯವನು ನಕ್ಕರೆ ನಗಲಿ. ಇನ್ನೊಬ್ಬರ ಚೀಲವನ್ನು ತುಂಬಿಕೊಡುವ ಮೊದಲು ಅದನ್ನು ಹೊರುವವರು ಯಾರು ಎಂದು ಕೇಳಿ. ಹೊರುವವರೇ ಆರಿಸಲಿ, ಆರಿಸಿದವರೇ ಹೊರಲಿ. ನನ್ನ ವಾದ ಇಷ್ಟೇ.

ಆ ದಿನ ಫೋನಿನಲ್ಲಿ ಕೊನೆಗೆ ಅವನಿಗೆ ತಾತನ ನಿಜ ಹೇಳಿದೆ. ಚೀಲ, ಹಗ್ಗ, ಅಮ್ಮನ ಸೀರೆ, ನಾಯಿಯ ಪಾಲು, ಏಳದ ಬಲಗೈ, ಎಲ್ಲ. ಸಂಜೆಯೇ ಅಣ್ಣನ ಫೋನು ಬಂತು. “ಮೊಮ್ಮಗನ ಮುಂದೆ ಅಪ್ಪನ್ನ ಹೊರೆಯಾಳು ಮಾಡಿಬಿಟ್ಯಲ್ಲಮ್ಮ” ಎಂದರು. ದನಿ ಒಡೆದಿತ್ತು. ಅಣ್ಣನಿಗೂ ಅಪ್ಪನ ಮೇಲೆ ನನ್ನಷ್ಟೇ ಪ್ರೀತಿ. ನಾಲ್ಕು ಜನರ ಮುಂದೆ ಅಪ್ಪ ತಲೆ ಎತ್ತಿ ನಿಲ್ಲಲಿ ಎಂದೇ ಅವರು ಆ ಫೋಟೋ ಕತ್ತರಿಸಿದ್ದು. ಅದು ನನಗೆ ಅರ್ಥವಾಗುತ್ತದೆ. ಆದರೂ ಹೇಳಿದೆ: “ಹೊರೆಯಾಳು ಮಾಡಿದ್ದು ನಾನಲ್ಲ ಅಣ್ಣ. ಅಪ್ಪ ತಲೆ ಎತ್ತಿಯೇ ನಿಂತಿದ್ದಾರೆ, ಮೂಲ ಫೋಟೋ ನೋಡಿ. ಅಷ್ಟು ಭಾರ ಹೊತ್ತೂ ಎತ್ತಿ ನಿಂತಿದ್ದಾರೆ.”

ನವೆಂಬರ್‌ನಲ್ಲಿ ಹುಡುಗ ಮತ್ತೆ ಫೋನು ಮಾಡಿದ. ಅವನು ಏನನ್ನೂ ಹೊಡೆದಿರಲಿಲ್ಲ, ಜೊತೆಯವನು ಒಂದು ಎಲ್ಕ್ ಹೊಡೆದಿದ್ದ. ಮೂವರೂ ಹೊತ್ತರು. ಮೂರರಲ್ಲಿ ನಡುವಿನ ಅಳತೆಯ ಚೀಲವನ್ನು ಇವನು ಕೊಂಡಿದ್ದ. ಹೆಂಡತಿಗೆ ಅವಳದೇ ಒಂದು ಬೇರೆ.

“ಎರಡು ಸಲ ಹೊತ್ತು ಇಳಿಸಿದೆ ಅತ್ತೆ. ಇಷ್ಟು ಒಳ್ಳೇ ಚೀಲ ಇದ್ದೂ ಎರಡನೇ ಸಲಕ್ಕೆ ಮಂಡಿ ನಡುಗ್ತಿತ್ತು.” ಸ್ವಲ್ಪ ತಡೆದು ಕೇಳಿದ: “ತಾತ ಇದನ್ನ ಯಾರದೋ ಮಾಂಸಕ್ಕೆ ಮಾಡ್ತಿದ್ರಾ?”

“ಹೌದು ಮಗ” ಎಂದೆ.

ಅಣ್ಣನ ಮನೆಯ ಗೋಡೆಯ ಮೇಲೆ ಕತ್ತರಿಸಿದ ಫೋಟೋ ಈಗಲೂ ಇದೆ. ನಾನು ಮೂಲವನ್ನು 2025ರ ಬೇಸಿಗೆ ರಜೆಯಲ್ಲಿ ಹಾಸನಕ್ಕೆ ಒಯ್ದು, ಅಂಚಿನಿಂದ ಅಂಚಿನವರೆಗೆ ಏನನ್ನೂ ಬಿಡದೆ ದೊಡ್ಡದು ಮಾಡಿಸಿ ತಂದು, ನಮ್ಮ ಮನೆಯ ಬಾಗಿಲಿನ ಎದುರಿನ ಗೋಡೆಗೆ ಹಾಕಿದ್ದೇನೆ. ಬಂದವರು ಕೂತವರನ್ನೆಲ್ಲ ನೋಡಿ, ಕೋವಿಗಳನ್ನು ಎಣಿಸಿ, ಕೊನೆಗೆ “ಆ ಚೀಲ ಹೊತ್ತಿರೋರು ಯಾರು?” ಎಂದು ಕೇಳುತ್ತಾರೆ.

“ನಮ್ಮಪ್ಪ” ಎನ್ನುತ್ತೇನೆ. “ಸೊಂಟದಲ್ಲಿ ಕಾಣುತ್ತಲ್ಲ ಆ ಪಟ್ಟಿ, ಅದು ನಮ್ಮಮ್ಮನ ಸೀರೆ.”